ಮಾಸ್ತರರಿಗೂ ಗುಣ ಕೊಡಬೇಕೆ?

ಕಳೆದ ಪಾಲಕರ ಸಭೆಯಲ್ಲಿ ಹಿರಿಯರೊಬ್ಬರು ಎದ್ದು ನಿಂತು ನಮಗೊಂದು ಪ್ರಶ್ನೆ ಹಾಕಿದರು. “ಸರ್, ನಮ್ಮ ಹುಡುಗರಿಗೆ ವರ್ಷಕ್ಕ ಎರಡು ಸಲ ಪರೀಕ್ಷಾ ಇಟ್ಟು ಗುಣ ಕೊಡತೀರಿ. ಸರಕಾರ ನಿಮಗ ಗುಣ ಕೊಡತೀನಿ ಅಂದ್ರ ಮಾಸ್ತರಗೋಳೆಲ್ಲ ಸಂಘ ಕಟ್ಟಿ ಜಗಳಕ್ಕ ನಿಲ್ಲತೀರಿ. ಇದ್ಯಾವ ನ್ಯಾಯ?” ಸಭೆ ನಕ್ಕಿತು, ನಾವೂ ನಕ್ಕೆವು. ಆದರೆ ಇದು ನಗೆಯಲ್ಲಿ ತೇಲಿಸಿಬಿಡತಕ್ಕ ಪ್ರಶ್ನೆಯಲ್ಲ. ಅಂದು ವೇಳೆ ಸಾಲದೆ ಹೇಳಲಾರದೆ ಹೋದುದನ್ನು ಇಲ್ಲಿ ವಿಶದಪಡಿಸಲು ಯತ್ನಿಸುತ್ತೇವೆ.

ಶಿಕ್ಷಕನ ಕೆಲಸವನ್ನು ಪರೀಕ್ಷಿಸುವ ಪದ್ಧತಿ ಹೊಸದೇನೂ ಅಲ್ಲ. ಹಿಂದೆ ಇನ್‌ಸ್ಪೆಕ್ಟರರು ಬಂದು ತರಗತಿಯಲ್ಲಿ ಕುಳಿತು ಪಾಠ ಕೇಳಿ, ಮಕ್ಕಳನ್ನು ನಾಲ್ಕು ಪ್ರಶ್ನೆ ಕೇಳಿ, ಪುಸ್ತಕದಲ್ಲಿ ಶೇರಾ ಬರೆದು ಹೋಗುತ್ತಿದ್ದರು. ಅದರಲ್ಲಿ ದೋಷಗಳಿರಲಿಲ್ಲವೆಂದಲ್ಲ. ಸಾಹೇಬರ ಪ್ರಸನ್ನತೆಯೇ ಕೆಲವರ ಯೋಗ್ಯತೆಯಾಗುತ್ತಿತ್ತು. ವ್ಯಕ್ತಿಯ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲದಂತೆ ಎಲ್ಲರನ್ನೂ ಒಂದೇ ಅಳತೆಗೋಲಿನಿಂದ ಅಳೆಯಬೇಕೆಂಬ ವಿಚಾರ ಹುಟ್ಟಿದ್ದು ಆ ಕಾರಣದಿಂದಲೇ. ಉದ್ದೇಶ ಒಳ್ಳೆಯದು ಎಂಬುದನ್ನು ನಾವು ಮೊದಲೇ ಒಪ್ಪಿಕೊಳ್ಳುತ್ತೇವೆ.

ಈ ಅಳತೆಗೋಲು ಮೊದಲು ಬಂದದ್ದು ಕಾಲೇಜು ಮತ್ತು ವಿಶ್ವವಿದ್ಯಾಲಯಗಳಿಗೆ. 2010ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಪ್ರಾಧ್ಯಾಪಕರ ಬಡತಿಗೆ ‘ಎ.ಪಿ.ಐ.’ ಎಂಬ ಗುಣಪದ್ಧತಿಯನ್ನು ಗೊತ್ತುಪಡಿಸಿತು. ಪ್ರಾಧ್ಯಾಪಕರು ತಾವೇ ತಮ್ಮ ತಃಖ್ತೆಯನ್ನು ತುಂಬಬೇಕು. ಪಾಠ ಹಾಗೂ ಪರೀಕ್ಷೆಯ ಕೆಲಸಕ್ಕೆ ವರ್ಷಕ್ಕೆ 125ರಲ್ಲಿ ಕನಿಷ್ಠ 75, ಇತರ ಚಟುವಟಿಕೆಗಳಿಗೆ 50ರಲ್ಲಿ ಕನಿಷ್ಠ 15, ಮೂರನೆಯದಾಗಿ ಸಂಶೋಧನೆಗೆ ಬೇರೆ ಗುಣ. ವಿದ್ವಾಂಸರು ಪರಿಶೀಲಿಸಿ ಅಚ್ಚುಹಾಕುವ ನಿಯತಕಾಲಿಕದಲ್ಲಿ ಒಂದು ಲೇಖನ ಬಂದರೆ 15 ಗುಣ.

ಇಲ್ಲಿಯೇ ಎಡವಟ್ಟಾಯಿತು. ಲೇಖನಕ್ಕೆ ಗುಣವೆಂದೊಡನೆ ಲೇಖನಗಳ ಪೇಟೆಯೇ ತೆರೆಯಿತು. ಹಣ ಕಳಿಸಿದರೆ ಏನು ಬರೆದರೂ ಪ್ರಕಟಿಸುವ ಪತ್ರಿಕೆಗಳು ಅಂತರ್ಜಾಲದಲ್ಲಿ ನಾಯಿಕೊಡೆಗಳಂತೆ ಎದ್ದವು. ಪುಣೆಯ ಸಾವಿತ್ರಿಬಾಯಿ ಫುಲೆ ವಿಶ್ವವಿದ್ಯಾಲಯದ ಭೂಷಣ ಪಟವರ್ಧನ ಮತ್ತು ಅವರ ಸಂಗಡಿಗರು, ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿದ್ದ 1009 ಪತ್ರಿಕೆಗಳನ್ನು ಪರಿಶೀಲಿಸಿ, ನೂರಕ್ಕೆ 88ಕ್ಕೂ ಮೇಲ್ಪಟ್ಟು ಕೀಳು ದರ್ಜೆಯವೆಂದು 2018ರಲ್ಲಿ ಪ್ರಕಟಿಸಿದರು. ಅದೇ ವರ್ಷ ಮೇ ತಿಂಗಳಲ್ಲಿ ಆಯೋಗವು ತನ್ನ ಯಾದಿಯಿಂದ 4,305 ಪತ್ರಿಕೆಗಳನ್ನು ತೆಗೆದುಹಾಕಬೇಕಾಯಿತು. ಪ್ರಾಮಾಣಿಕರು ಕಳೆದುಕೊಂಡುದೇನೆಂಬುದನ್ನು ಯೋಚಿಸಿರಿ. ಸಂಖ, ಉಮದಿಗಳ ಕಡೆ ಹತ್ತು ವರ್ಷ ಅಲೆದು ಬೀಸುಕಲ್ಲಿನ ಪದಗಳನ್ನು ಕೂಡಿಹಾಕುವ ಒಬ್ಬ ಅಧ್ಯಾಪಕನಿಗೆ, ಪುಸ್ತಕ ಹೊರಬರುವವರೆಗೆ, ಆ ಅಲೆದಾಟಕ್ಕೆ ಸಿಕ್ಕುವ ಗುಣ ಸೊನ್ನೆ.

ಪ್ರಾಧ್ಯಾಪಕರ ಸಂಘಗಳು ಈ ಪದ್ಧತಿಯನ್ನು ಮೊದಲಿನಿಂದಲೂ ವಿರೋಧಿಸುತ್ತ ಬಂದಿದ್ದವು. 2016ರ ಮೇ ತಿಂಗಳಲ್ಲಿ ಆಯೋಗವು ನಿಯಮಗಳನ್ನು ತಿದ್ದಿ, ಪಾಠದ ತಾಸುಗಳನ್ನೂ ಹೆಚ್ಚಿಸಿದಾಗ ದಿಲ್ಲಿ ವಿಶ್ವವಿದ್ಯಾಲಯದ ಶಿಕ್ಷಕರ ಸಂಘವು ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸವನ್ನೇ ಬಹಿಷ್ಕರಿಸಿತು. ತಾಸುಗಳ ಹೆಚ್ಚಳವನ್ನು ಸರಕಾರ ಬೇಗನೆ ಹಿಂತೆಗೆದುಕೊಂಡಿತು. ಉತ್ತರಪತ್ರಿಕೆಗಳನ್ನು ಮುಟ್ಟದಿರುವ ಆಯುಧ ನಮ್ಮ ಮನಸ್ಸಿಗೆ ಒಪ್ಪುವುದಿಲ್ಲ; ಜಗಳ ಆಯೋಗದೊಡನೆ, ನಿದ್ದೆಗೆಡುವವರು ಫಲಿತಾಂಶಕ್ಕೆ ಕಾದ ಮಕ್ಕಳು. ಆದರೂ ಅವರ ಆಕ್ಷೇಪಣೆ ಸುಳ್ಳಾಗಿರಲಿಲ್ಲ. 2018ರ ಜುಲೈ ತಿಂಗಳ ಹೊಸ ನಿಯಮಗಳಲ್ಲಿ ಕಾಲೇಜು ಅಧ್ಯಾಪಕರ ಬಡತಿಗೆ ಎ.ಪಿ.ಐ. ಲೆಕ್ಕವನ್ನು ಕೈಬಿಡಲಾಯಿತು. ಒಪ್ಪಿಸಿದ ತರಗತಿಗಳಲ್ಲಿ ನೂರಕ್ಕೆ 80 ಅಥವಾ ಹೆಚ್ಚು ಪಾಠ ಮಾಡಿದವರು ‘ಉತ್ತಮ’, 70ರಿಂದ 80ರ ಒಳಗಿನವರು ‘ಸಮಾಧಾನಕರ’ ಎಂಬಂಥ ಸರಳ ಗೆರೆ ಎಳೆಯಲಾಯಿತು.

ದಿಲ್ಲಿಯ ಮಾತು ದೂರದ್ದೆನಿಸಬಹುದು. ನಮ್ಮ ಜತ್ತ ತಾಲೂಕಿನ ಶಾಲೆಗಳ ಬಾಗಿಲಿಗೂ ಇಂಥದೊಂದು ಅಳತೆಗೋಲು ಬಂದಿತ್ತು. 2015ರಲ್ಲಿ ಕೇಂದ್ರ ಸರಕಾರ ‘ಶಾಲಾ ಸಿದ್ಧಿ’ ಎಂಬ ಯೋಜನೆಯನ್ನು ಆರಂಭಿಸಿತು. ಏಳು ಕ್ಷೇತ್ರಗಳಲ್ಲಿ 46 ಮಾನದಂಡಗಳಿಗೆ ಅನುಸರಿಸಿ ಶಾಲೆ ತನ್ನನ್ನು ತಾನೇ ತೂಗಿ ನೋಡಿಕೊಂಡು ಆನ್‌ಲೈನ್ ತುಂಬಬೇಕು. ಕಟ್ಟಡ, ಆಟದ ಬಯಲು, ಕುಡಿಯುವ ನೀರು, ಗ್ರಂಥಾಲಯ, ಕಂಪ್ಯೂಟರ್ ಎಲ್ಲವೂ ಅದರಲ್ಲಿವೆ. ಶಾಲೆಯ ಕುಂದುಕೊರತೆ ಶಾಲೆಗೇ ತಿಳಿಯಲೆಂಬುದು ಅದರ ಆಶಯ. ಅಲ್ಲಿಯವರೆಗೆ ಅದು ಉಪಯುಕ್ತವೇ. ಆದರೆ 2017ರ ಅಕ್ಟೋಬರ್ 23ರಂದು ಮಹಾರಾಷ್ಟ್ರ ಸರಕಾರವು ಶಾಸನ ನಿರ್ಣಯವೊಂದನ್ನು ಹೊರಡಿಸಿತು. ಹನ್ನೆರಡು ವರ್ಷಕ್ಕೆ ವರಿಷ್ಠ ವೇತನಶ್ರೇಣಿ, ಇಪ್ಪತ್ತನಾಲ್ಕು ವರ್ಷಕ್ಕೆ ಆಯ್ಕೆ ಶ್ರೇಣಿ ಸಿಗಬೇಕಾದರೆ ಆ ಶಿಕ್ಷಕನ ಶಾಲೆ ಶಾಲಾ ಸಿದ್ಧಿಯಲ್ಲಿ ‘ಎ’ ದರ್ಜೆಯದಾಗಿರಬೇಕು. ಒಂಬತ್ತು, ಹತ್ತನೆಯ ತರಗತಿಗಳ ಫಲಿತಾಂಶ ನೂರಕ್ಕೆ 80ಕ್ಕಿಂತ ಮೇಲಿರಬೇಕು.

ನಮ್ಮ ತಾಲೂಕಿನ ಸ್ಥಿತಿ ಪಾಲಕರಿಗೆ ಗೊತ್ತಿದ್ದದ್ದೇ. ಬರಗಾಲದ ವರ್ಷಗಳಲ್ಲಿ ಊರಿಗೇ ಟ್ಯಾಂಕರಿನ ನೀರು, ಶಾಲೆಯ ತೊಟ್ಟಿಗೆ ಎಲ್ಲಿಂದ ಬರಬೇಕು? ದೀಪಾವಳಿಯ ಸುಮಾರಿಗೆ ಅನೇಕ ಕುಟುಂಬಗಳು ಕಬ್ಬು ಕಡಿಯಲು ಗಾಡಿ ಹತ್ತುತ್ತವೆ, ಮಕ್ಕಳನ್ನೂ ಕರೆದೊಯ್ಯುತ್ತವೆ. ಹತ್ತನೆಯ ತರಗತಿಯಲ್ಲಿ 20 ಮಕ್ಕಳಿದ್ದಾರೆಂದು ಇಟ್ಟುಕೊಳ್ಳೋಣ. ಹೀಗೆ ಪಾಠ ತಪ್ಪಿದವರಲ್ಲಿ ಐದು ಜನ ನಪಾಸಾದರೆ ಫಲಿತಾಂಶ 75ಕ್ಕೆ ನಿಲ್ಲುತ್ತದೆ. ಆ ಹದಿನೈದು ಮಕ್ಕಳಿಗೆ ಚೆನ್ನಾಗಿ ಕಲಿಸಿದ ಮಾಸ್ತರನ ವೇತನಶ್ರೇಣಿ ಅಲ್ಲಿಗೆ ನಿಂತಿತು! ಇನ್ನೊಂದು ಅಪಾಯವನ್ನು ಹೇಳಲು ನಮಗೆ ಸಂಕೋಚವಾಗುತ್ತದೆ, ಆದರೂ ಹೇಳಬೇಕು. ಇಂಥ ನಿಯಮವಿದ್ದಲ್ಲಿ ಮಂದ ಹುಡುಗನೊಬ್ಬ ಹೆಸರು ಹಚ್ಚಲು ಬಂದಾಗ, ಒಳ್ಳೆಯ ಶಿಕ್ಷಕನ ಮನಸ್ಸಿನಲ್ಲಿಯೂ ಲೆಕ್ಕಾಚಾರ ಇಣಿಕುತ್ತದೆ. ಶಿಕ್ಷಕ ಸಂಘಗಳು ಈ ನಿಬಂಧನೆಗಳನ್ನು ವಿರೋಧಿಸಿದವು. 2019ರ ಆಗಸ್ಟ್ 26ರ ನಿರ್ಣಯದಿಂದ ಅವು ರದ್ದಾದವು.

ಆದುದರಿಂದ ಆ ಹಿರಿಯರಿಗೆ ನಮ್ಮ ಉತ್ತರವಿಷ್ಟು: ಪರೀಕ್ಷೆ ಬೇಡವೆಂದು ನಾವು ಅನ್ನುವುದಿಲ್ಲ. ಮಗುವನ್ನು ಮಗು ಬರೆದುದರ ಮೇಲೆ ತೂಗುವಂತೆ, ಮಾಸ್ತರನನ್ನು ಮಾಸ್ತರ ಮಾಡಿದುದರ ಮೇಲೆ ತೂಗಿರಿ. ಮಳೆಯ ಮೇಲೆ, ನೀರಿನ ತೊಟ್ಟಿಯ ಮೇಲೆ ಬೇಡ. ಸಭೆಯ ಕೊನೆಗೆ ನಾವು ಅವರನ್ನು ತರಗತಿಗೇ ಬಂದು ಕುಳಿತುಕೊಳ್ಳಲು ಆಮಂತ್ರಿಸಿದ್ದೆವು. ಹದಿನೈದು ದಿನಗಳ ಮೇಲೆ ಅವರು ನಿಜವಾಗಿಯೂ ಬಂದರು. ಹಿಂದಿನ ಬೆಂಚಿನಲ್ಲಿ ಕುಳಿತು ಗಣಿತದ ಒಂದು ತಾಸನ್ನು ಪೂರ್ತಿ ಕೇಳಿದರು. ಶೇರಾ ಬರೆಯಿರೆಂದು ಪುಸ್ತಕ ಮುಂದಿಟ್ಟಾಗ ಬಹಳ ಹೊತ್ತು ಯೋಚಿಸಿ, ಹಿಂದೆ ಕುಳಿತವರಿಗೆ ಕರಿಹಲಗೆಯ ಎಡಮೂಲೆಯ ಅಕ್ಷರ ಬಿಸಿಲಿನ ಝಳಕ್ಕೆ ಕಾಣುವುದಿಲ್ಲವೆಂದು ಬರೆದು ರುಜು ಹಾಕಿದರು. ಮರುದಿನವೇ ಆ ಕಿಟಕಿಗೆ ಪರದೆ ಹಾಕಿಸಿದೆವು.