ಹಾರಲಾರದ ಪತಂಗ, ಹಾರುವ ಪತಂಗ

ರೇಷ್ಮೆ ಸೀರೆಯನ್ನು ನೋಡದವರಿಲ್ಲ. ಆದರೆ ರೇಷ್ಮೆ ಪತಂಗವನ್ನು ಕಂಡವರು ಎಷ್ಟು ಮಂದಿ? ರಾಮನಗರದ ಮಾರುಕಟ್ಟೆಗೆ ಬರುವ ಗೂಡಿನೊಳಗೆ ಇರುವುದು ಪತಂಗವಲ್ಲ, ಅದರ ಹಿಂದಿನ ಕೋಶಾವಸ್ಥೆ. ಪತಂಗ ಹೊರಬಂದರೆ ಗೂಡು ತೂತಾಗಿ, ಸುಮಾರು ಒಂದು ಕಿಲೋಮೀಟರ್‌ವರೆಗೂ ಇರಬಹುದಾದ ಎಳೆ ಹಾಳಾಗುತ್ತದೆ. ಆದ್ದರಿಂದ ನೂಲು ತೆಗೆಯುವ ಗೂಡುಗಳನ್ನು ಮೊದಲೇ ಬಿಸಿಗೆ ಒಡ್ಡಿ ಕೋಶವನ್ನು ಸಾಯಿಸುತ್ತಾರೆ. ಬಿತ್ತನೆ ಮೊಟ್ಟೆಗಾಗಿ ಉಳಿಸಿದ ಗೂಡುಗಳಿಂದ ಮಾತ್ರ ಪತಂಗ ಹೊರಬರುತ್ತದೆ.

ಹಾಗೆ ಬಂದ ಬಿಳಿ ಪತಂಗ ರೆಕ್ಕೆ ಬಡಿಯುತ್ತದೆ, ಆದರೆ ಹಾರಲಾರದು! ಚೀನಾದಲ್ಲಿ ಸುಮಾರು 5000 ವರ್ಷಗಳ ಹಿಂದೆ ಮನುಷ್ಯ ಇದನ್ನು ಸಾಕತೊಡಗಿದ. ಆಹಾರ ಹುಡುಕುವ, ಶತ್ರುವಿನಿಂದ ಪಾರಾಗುವ ಅಗತ್ಯ ಇಲ್ಲವಾಯಿತು. ತಲೆಮಾರುಗಳು ಉರುಳಿದಂತೆ ಹಾರಾಟವೂ ಹೋಯಿತು. ಇದರ ಕಾಡುಬಂಧು ಬಾಂಬಿಕ್ಸ್ ಮ್ಯಾಂಡರಿನ ಇಂದಿಗೂ ಹಾರುತ್ತದೆ.

ಈಗ ಪಶ್ಚಿಮ ಘಟ್ಟದ ಅಟ್ಲಾಸ್ ಪತಂಗವನ್ನು ನೋಡೋಣ. ಕೆಂಗಂದು ಬಣ್ಣ, ರೆಕ್ಕೆಗಳಲ್ಲಿ ಗಾಜಿನ ಕಿಟಕಿಯಂತಹ ಪಾರದರ್ಶಕ ಮಚ್ಚೆಗಳು. ರೆಕ್ಕೆ ಬಿಚ್ಚಿದರೆ ಅಗಲ 20 ಸೆಂಟಿಮೀಟರನ್ನೂ ಮೀರಬಹುದು. ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯಂತೆ ಕಾಣುತ್ತದೆ. ಇದರ ಹುಳುವೂ ರೇಷ್ಮೆಗೂಡು ಕಟ್ಟುತ್ತದೆ. ಆದರೆ ಎಳೆ ಒಂದೇ ಉದ್ದಕ್ಕೆ ಬಿಚ್ಚಿಕೊಳ್ಳುವುದಿಲ್ಲ. ಹಾಗಾಗಿ ಮನುಷ್ಯನ ಸಾಕಣೆಗೆ ಸಿಕ್ಕದೆ ಕಾಡಿನಲ್ಲೇ ಉಳಿಯಿತು.

ಇಷ್ಟು ಭಿನ್ನವಾದ ಇವೆರಡಕ್ಕೂ ಒಂದು ಹೋಲಿಕೆಯಿದೆ. ಪತಂಗವಾದ ಮೇಲೆ ಎರಡೂ ಏನನ್ನೂ ತಿನ್ನುವುದಿಲ್ಲ, ಬಾಯಿ ಬೆಳೆದೇ ಇರುವುದಿಲ್ಲ! ಹುಳುವಾಗಿದ್ದಾಗ ಕೂಡಿಟ್ಟ ಶಕ್ತಿಯೇ ಬುತ್ತಿ. ಆಯುಷ್ಯ ಒಂದೆರಡು ವಾರದೊಳಗೆ. ಅಷ್ಟರಲ್ಲಿ ಜೊತೆಗಾರನನ್ನು ಕೂಡಿ ಮೊಟ್ಟೆಯಿಡಬೇಕು. ಹೆಣ್ಣು ಸೂಸುವ ವಾಸನೆಯನ್ನು ಗಂಡು ಗರಿಯಂತಹ ಕುಡಿಮೀಸೆಯಿಂದ ಗ್ರಹಿಸುತ್ತದೆ. ರೇಷ್ಮೆ ಪತಂಗದ ಈ ರಾಸಾಯನಿಕವನ್ನು 1959ರಲ್ಲಿ ಜರ್ಮನಿಯ ಬ್ಯುಟೆನಾಂಟ್ ಗುರುತಿಸಿದರು. ಅದಕ್ಕಾಗಿ ಸುಮಾರು 5 ಲಕ್ಷ ಪತಂಗಗಳನ್ನು ಬಳಸಬೇಕಾಯಿತು.

ಸಾಕಿದ ಪತಂಗಕ್ಕೆ ಜೊತೆಗಾರನನ್ನು ಮನುಷ್ಯನೇ ಒದಗಿಸುತ್ತಾನೆ. ಅಟ್ಲಾಸ್ ಗಂಡು ಕತ್ತಲಲ್ಲಿ ತಾನೇ ಹಾರಿ ಹುಡುಕಬೇಕು. ದಾರಿಯಲ್ಲಿ ನಮ್ಮ ಮನೆಯ ದೀಪಕ್ಕೆ ಮರುಳಾಗಿ ಗೋಡೆಗೆ ಅಂಟಿ ಕುಳಿತರೆ, ಎಣಿಸಿಟ್ಟ ರಾತ್ರಿಗಳಲ್ಲಿ ಒಂದು ವ್ಯರ್ಥವಾದಂತೆ.

ಮಲೆನಾಡಿನ ಮನೆಗಳಲ್ಲಿ ಇಂತಹ ದೊಡ್ಡ ಪತಂಗ ಬಂದಾಗ ಪೊರಕೆ ಹುಡುಕುವವರುಂಟು. ಅದು ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ತಂದೆತಾಯಂದಿರು ಮಕ್ಕಳಿಗೆ ಅದನ್ನು ದೂರದಿಂದ ತೋರಿಸಲಿ, ಕುಡಿಮೀಸೆ ಎಷ್ಟು ಅಗಲವಿದೆಯೆಂದು ನೋಡಿ ಗಂಡೋ ಹೆಣ್ಣೋ ಹೇಳಲು ಕಲಿಸಲಿ. ಆಮೇಲೆ ಹೊರಗಿನ ದೀಪ ಆರಿಸಿದರೆ ಸಾಕು.