ಮೃಗಶಿರೆಯಲ್ಲಿ ಹಿಡಿದ ಅಭ್ಯಾಸ

ಕ್ಯಾಲೆಂಡರಿನ ಹೊಸ ವರ್ಷ ಜನವರಿಯಲ್ಲಿ ಬರುತ್ತದೆ, ಪಂಚಾಂಗದ್ದು ಯುಗಾದಿಗೆ. ಆದರೆ ಕರ್ನಾಟಕದ ಬಹಳಷ್ಟು ಮನೆಗಳಲ್ಲಿ ದಿನಚರಿ ಮಗ್ಗುಲು ಬದಲಿಸುವುದು ಜೂನ್ ತಿಂಗಳಲ್ಲಿ. ಶಾಲೆಗಳು ತೆರೆದು ಬೆಳಗಿನ ಅಡುಗೆಮನೆಗೆ ಮತ್ತೆ ಅವಸರ ಹತ್ತಿಕೊಳ್ಳುತ್ತದೆ. ಹದ ಬಿದ್ದ ಹೊಲಗಳಲ್ಲಿ ಕೂರಿಗೆ ಹೂಡುತ್ತಾರೆ. ಅಟ್ಟದ ಮೇಲಿದ್ದ ಕೊಡೆ ಕೆಳಗಿಳಿಯುತ್ತದೆ, ಬಟ್ಟೆ ಒಣಹಾಕುವ ಜಾಗ ಅಂಗಳದಿಂದ ಪಡಸಾಲೆಗೆ ಬರುತ್ತದೆ. ಜೂನ್ 8ರ ಆಸುಪಾಸಿನಲ್ಲಿ ಸೂರ್ಯ ಮೃಗಶಿರಾ ನಕ್ಷತ್ರಕ್ಕೆ ಕಾಲಿಡುತ್ತಾನೆ. ಉತ್ತರ ಕರ್ನಾಟಕದವರು ಇದನ್ನೇ ‘ಮಿರಗ’ ಎನ್ನುತ್ತಾರೆ. ಅಲ್ಲಿಂದ ಮುಂದೆ ಹದಿಮೂರು ಹದಿನಾಲ್ಕು ದಿನಕ್ಕೊಂದು ಮಳೆ: ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷಾ, ಮಘಾ. ಒಂದೊಂದು ಮಳೆಗೂ ಒಂದೊಂದು ಕೆಲಸ ಕಟ್ಟಿಟ್ಟಿದೆ.

ಹೊಸ ಅಭ್ಯಾಸ ಹಿಡಿಯಲು, ಹಳೆಯದನ್ನು ಬಿಡಲು ಜನವರಿ ಒಂದಕ್ಕಿಂತ ಈ ಮುಂಗಾರಿನ ಹೊಸ್ತಿಲೇ ಮೇಲು ಎಂದು ನಾನು ನಂಬುತ್ತೇನೆ. ಮನೋವಿಜ್ಞಾನದಲ್ಲಿ ಕಳೆದ ಎರಡು ಮೂರು ದಶಕ ನಡೆದಿರುವ ಕೆಲಸ ಈ ನಂಬಿಕೆಗೆ ಆಧಾರ.

ಮೊದಲು ದಿನಾಂಕದ ವಿಚಾರ. ಹೆಂಗ್‌ಚೆನ್ ಡಾಯ್, ಕ್ಯಾಥರೀನ್ ಮಿಲ್ಕ್‌ಮನ್ ಮತ್ತು ಜೇಸನ್ ರೀಸ್ ಎಂಬ ಮೂವರು ಸಂಶೋಧಕರು 2014ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಮೆರಿಕದ ಒಂದು ವಿಶ್ವವಿದ್ಯಾಲಯದ ವ್ಯಾಯಾಮಶಾಲೆಗೆ ವಿದ್ಯಾರ್ಥಿಗಳು ಯಾವ ಯಾವ ದಿನ ಬಂದರು ಎಂಬ ದಾಖಲೆಯನ್ನು ಅವರು ಜಾಲಾಡಿದ್ದರು. ವಾರದ ಮೊದಲಲ್ಲಿ ಹಾಜರಿ ಸುಮಾರು ಶೇ. 33ರಷ್ಟು ಏರುತ್ತಿತ್ತು, ಸೆಮಿಸ್ಟರ್ ಆರಂಭದಲ್ಲಿ ಸುಮಾರು ಶೇ. 47ರಷ್ಟು. ತಿಂಗಳ ಮೊದಲಲ್ಲಿ, ವರ್ಷದ ಮೊದಲಲ್ಲಿ, ಹುಟ್ಟುಹಬ್ಬದ ನಂತರ ಕೂಡ ಸಣ್ಣ ಸಣ್ಣ ಏರಿಕೆ ಕಂಡಿತು. ಕಾಲ ಒಂದೇ ಸಮನೆ ಹರಿಯುತ್ತಿದ್ದರೂ ಮನಸ್ಸು ಅದಕ್ಕೆ ಅಲ್ಲಲ್ಲಿ ಬದು ಹಾಕಿಕೊಳ್ಳುತ್ತದೆ. ಬದು ದಾಟಿದ ಕೂಡಲೇ ಹಿಂದಿನ ಸೋಲೆಲ್ಲ ‘ಆಗಿನ ನನ್ನದು’ ಎನಿಸುತ್ತದೆ, ‘ಈಗಿನ ನಾನು’ ಬೇರೆ ಎನಿಸುತ್ತದೆ. ಇದೇ ತಂಡ ಇನ್ನೊಂದು ಪ್ರಯೋಗದಲ್ಲಿ ಮಾರ್ಚ್ 20ನೇ ತಾರೀಖನ್ನು ಕೆಲವರಿಗೆ ‘ಮಾರ್ಚ್‌ನ ಮೂರನೇ ಗುರುವಾರ’ ಎಂದು ಹೇಳಿತು, ಇನ್ನು ಕೆಲವರಿಗೆ ‘ವಸಂತದ ಮೊದಲ ದಿನ’ ಎಂದಿತು. ನಿಮ್ಮ ಗುರಿಯನ್ನು ಆ ದಿನ ನೆನಪಿಸೋಣವೇ ಎಂದು ಕೇಳಿದಾಗ, ವಸಂತ ಎಂದು ಕೇಳಿಸಿಕೊಂಡವರೇ ಹೆಚ್ಚು ಸಂಖ್ಯೆಯಲ್ಲಿ ಒಪ್ಪಿದರು. ದಿನ ಅದೇ, ಹೆಸರು ಮಾತ್ರ ಬೇರೆ.

ಆ ಹುರುಪು ಸುಳ್ಳಲ್ಲ, ಆದರೆ ಅದರ ಆಯುಸ್ಸು ಕಡಿಮೆ. ಸಂಕಲ್ಪ ಮಾಡುವಾಗ ನಾವು ಯೋಚಿಸುತ್ತೇವೆ. ಅಭ್ಯಾಸ ನಡೆಯುವುದು ಯೋಚನೆಯ ಹಂಗಿಲ್ಲದೆ. ವೆಂಡಿ ವುಡ್ ಮತ್ತು ಸಂಗಡಿಗರು 2002ರಲ್ಲಿ ವಿದ್ಯಾರ್ಥಿಗಳಿಂದ ಗಂಟೆಗೊಮ್ಮೆ ದಿನಚರಿ ಬರೆಸಿ ನೋಡಿದಾಗ, ಅವರು ಮಾಡುತ್ತಿದ್ದ ಕೆಲಸಗಳಲ್ಲಿ ಶೇ. 43ರಷ್ಟು ಹೆಚ್ಚುಕಡಿಮೆ ಪ್ರತಿದಿನ ಅದೇ ಜಾಗದಲ್ಲಿ, ಅದೇ ಸಂದರ್ಭದಲ್ಲಿ ಆಗುವಂಥವು ಎಂದು ತಿಳಿಯಿತು. ಅದೇ ವುಡ್ ಭಾಗಿಯಾಗಿದ್ದ 2011ರ ಪಾಪ್‌ಕಾರ್ನ್ ಪ್ರಯೋಗ ಇದಕ್ಕಿಂತ ಕಣ್ಣು ತೆರೆಸುವಂಥದ್ದು. ಸಿನಿಮಾ ನೋಡಲು ಬಂದವರಲ್ಲಿ ಕೆಲವರಿಗೆ ಆಗಷ್ಟೇ ಹುರಿದ ಪಾಪ್‌ಕಾರ್ನ್ ಕೊಟ್ಟರು, ಇನ್ನು ಕೆಲವರಿಗೆ ವಾರದ ಹಿಂದಿನ ಮೆತ್ತಗಾದದ್ದನ್ನು. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿನ್ನುವ ರೂಢಿ ಗಟ್ಟಿಯಾಗಿದ್ದವರು ಹಳಸಿದ್ದನ್ನೂ ತಾಜಾ ಇದ್ದಷ್ಟೇ ತಿಂದರು. ರುಚಿಯಿಲ್ಲವೆಂದು ಅವರಿಗೆ ಗೊತ್ತಿತ್ತು, ಆದರೂ ಕೈ ನಿಲ್ಲಲಿಲ್ಲ. ಅದೇ ಪಾಪ್‌ಕಾರ್ನನ್ನು ಸಭಾಕೊಠಡಿಯಲ್ಲಿ ಕೊಟ್ಟಾಗ ಅಥವಾ ರೂಢಿಯಿಲ್ಲದ ಕೈಯಿಂದ ತಿನ್ನಲು ಹೇಳಿದಾಗ ಮಾತ್ರ ಹಳಸಿದ್ದು ಬಾಯಿಗೆ ಹಳಸಿದಂತೆಯೇ ತಾಕಿತು. ಅಂದರೆ ಕೈಯನ್ನು ನಡೆಸುತ್ತಿದ್ದದ್ದು ನಾಲಿಗೆಯಾಗಿರಲಿಲ್ಲ. ಕತ್ತಲ ಹಾಲ್, ಕುರ್ಚಿ, ಪರದೆ ಇವೇ ನಡೆಸುತ್ತಿದ್ದವು.

ಮೆದುಳಿನೊಳಗೂ ಇದರ ಗುರುತು ಸಿಕ್ಕಿದೆ. ಎಂಐಟಿಯ ಆನ್ ಗ್ರೇಬೀಲ್ ಅವರ ಪ್ರಯೋಗಾಲಯದಲ್ಲಿ ಇಲಿಗಳಿಗೆ ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದ ದಾರಿಯಲ್ಲಿ ಓಡುವುದನ್ನು ಕಲಿಸಿದರು. ಕಲಿಯುವಾಗ ಮೆದುಳಿನ ಆಳದ ಸ್ಟ್ರಯೇಟಮ್ ಎಂಬ ಭಾಗದ ನರಕೋಶಗಳು ದಾರಿಯುದ್ದಕ್ಕೂ ಚುರುಕಾಗಿದ್ದವು. ಓಟ ರೂಢಿಯಾದ ಮೇಲೆ ಆ ಚಟುವಟಿಕೆ ಮೊದಲಿಗೆ ಮತ್ತು ಕೊನೆಗೆ ಮಾತ್ರ ಉಳಿಯಿತು, ನಡುವಿನದೆಲ್ಲ ಒಂದೇ ಗಂಟಾಗಿ ಕಟ್ಟಿಹೋಯಿತು. ಬಹುಮಾನ ನಿಲ್ಲಿಸಿದಾಗ ಈ ವಿನ್ಯಾಸ ಅಳಿಯಿತು, ಬಹುಮಾನ ಮರಳಿದ ಕೂಡಲೇ ಅದೂ ಬೇಗನೆ ಮರಳಿತು. ಹಳೆಯ ಅಭ್ಯಾಸ ಅಳಿಸಿಹೋಗುವುದಿಲ್ಲ, ಮಗ್ಗುಲಲ್ಲೇ ಕಾದಿರುತ್ತದೆ. ಬಿಟ್ಟೆ ಎಂದುಕೊಂಡ ತಂಬಾಕು ಹಳೆಯ ಗೆಳೆಯರ ಜೊತೆ ಕುಳಿತಾಗ ಮತ್ತೆ ಕೈಗೆ ಬಂದರೆ, ಅದಕ್ಕೆ ಮನಸ್ಸಿನ ದುರ್ಬಲತೆಯನ್ನಷ್ಟೇ ಹೊಣೆ ಮಾಡುವುದು ಅನ್ಯಾಯ.

ಹಾಗಾದರೆ ಅಭ್ಯಾಸದ ಹಿಡಿತ ಸಡಿಲವಾಗುವುದು ಸುತ್ತಲಿನದು ಬದಲಾದಾಗ. ಒಂದು ವಿಶ್ವವಿದ್ಯಾಲಯದಿಂದ ಇನ್ನೊಂದಕ್ಕೆ ವರ್ಗವಾದ ವಿದ್ಯಾರ್ಥಿಗಳನ್ನು ವುಡ್ ತಂಡ 2005ರಲ್ಲಿ ಗಮನಿಸಿತು. ಪತ್ರಿಕೆ ಓದುವುದು, ವ್ಯಾಯಾಮ ಮಾಡುವುದು, ಟಿ.ವಿ. ನೋಡುವುದು ಇವು ಹೊಸ ಊರಿನಲ್ಲಿ ಹಳೆಯ ಸನ್ನಿವೇಶ ಸಿಕ್ಕರೆ ಉಳಿದವು, ಸಿಗದಿದ್ದರೆ ಕಳಚಿದವು. ಬಾಸ್ ವೆರ್‌ಪ್ಲಾಂಕನ್ ಮತ್ತು ಡೆಬೊರಾ ರಾಯ್ 2016ರಲ್ಲಿ ಇಂಗ್ಲೆಂಡಿನ ಪೀಟರ್‌ಬರೋದಲ್ಲಿ 800 ಜನರ ಮೇಲೆ ನಡೆಸಿದ ಅಧ್ಯಯನವೂ ಇದಕ್ಕೆ ಹೊಂದುತ್ತದೆ. ಪರಿಸರಕ್ಕೆ ಒಗ್ಗುವ ಅಭ್ಯಾಸಗಳನ್ನು ಬೆಳೆಸುವ ಪ್ರಯತ್ನ, ಈಚೆಗೆ ಮನೆ ಬದಲಿಸಿದವರಲ್ಲಿ ಹೆಚ್ಚು ಫಲಿಸಿತು. ಆ ಕಿಟಕಿ ತೆರೆದಿರುವುದು ಸುಮಾರು ಮೂರು ತಿಂಗಳು.

ಮುಂಗಾರು ಮನೆಯನ್ನು ಬದಲಿಸುವುದಿಲ್ಲ ನಿಜ. ಆದರೂ ಬೆಳಕು, ದಾರಿ, ಉಡುಪು, ಹಸಿವು, ಹೊರಗೆ ಹೋಗುವ ಹೊತ್ತು ಎಲ್ಲವನ್ನೂ ಒಂದೇ ವಾರದಲ್ಲಿ ಅಲುಗಿಸುತ್ತದೆ. ಜನವರಿ ಒಂದರಂದು ಇವುಗಳಲ್ಲಿ ಒಂದೂ ಅಲುಗುವುದಿಲ್ಲ, ಗೋಡೆಯ ಕ್ಯಾಲೆಂಡರ್ ಮಾತ್ರ ಬದಲಾಗುತ್ತದೆ. ಈ ಅಲುಗಾಟಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಬೇಸಿಗೆಯುದ್ದಕ್ಕೂ ತಪ್ಪದೆ ವಾಕಿಂಗ್ ಹೋದವರು ಮಳೆ ಹಿಡಿದ ಮೇಲೆ ಕಾಣೆಯಾಗುವುದನ್ನು ಯಾವ ಊರಿನ ಪಾರ್ಕಿನಲ್ಲೂ ನೋಡಬಹುದು. ಅವರ ನಡಿಗೆಗೆ ಆಸರೆಯಾಗಿದ್ದ ಒಣ ರಸ್ತೆ, ಬೆಳಗಿನ ಬಿಸಿಲು, ಗೇಟಿನ ಬಳಿ ಕಾಯುವ ಜೊತೆಗಾರ ಎಲ್ಲ ಒಟ್ಟಿಗೆ ಹೋಗಿರುತ್ತಾರೆ. ಅದೇ ಸಮಯಕ್ಕೆ ಸಂಜೆಯ ಚಹಾದ ಜೊತೆ ಬಜ್ಜಿ, ಕೈಯಲ್ಲಿ ಮೊಬೈಲ್ ಆ ಖಾಲಿ ಜಾಗಕ್ಕೆ ಬಂದು ಕೂರುತ್ತವೆ. ಹಾಗಾಗಿ ಮಳೆ ಬರುವ ಮುಂಚೆಯೇ ಕೇಳಿಕೊಳ್ಳಬೇಕಾದ ಪ್ರಶ್ನೆ ಎರಡು: ಯಾವುದು ತಾನಾಗಿ ಬಿಟ್ಟುಹೋಗಲಿದೆ, ಆ ಜಾಗಕ್ಕೆ ಯಾವುದು ಬರಲಿ?

ಮಲೆನಾಡಿನವರು ಇದನ್ನು ಬಹಳ ಹಿಂದೆಯೇ ಬೇರೆ ಕಾರಣಕ್ಕೆ ಕಲಿತಿದ್ದರು. ಸೌದೆ ಒಟ್ಟುವುದು, ದರಗು ತುಂಬುವುದು, ಹಪ್ಪಳ ಸಂಡಿಗೆ ಒಣಗಿಸಿ ಡಬ್ಬಿಗೆ ಹಾಕುವುದು ಎಲ್ಲ ಬಿಸಿಲಿರುವಾಗಲೇ ಮುಗಿಯುತ್ತಿತ್ತು. ಮಳೆ ಕೂತ ಮೇಲೆ ದಿನದಿನವೂ ತೀರ್ಮಾನಿಸಬೇಕಾದ್ದು ಕಡಿಮೆ. ಮನೋವಿಜ್ಞಾನಿ ಪೀಟರ್ ಗಾಲ್ವಿಟ್ಜರ್ 1999ರಲ್ಲಿ ಪ್ರತಿಪಾದಿಸಿದ್ದೂ ಇದರ ನಂಟಿನದೇ: ‘ವ್ಯಾಯಾಮ ಮಾಡುತ್ತೇನೆ’ ಎಂಬ ಸಂಕಲ್ಪಕ್ಕಿಂತ ‘ಬೆಳಿಗ್ಗೆ ಮಳೆ ಇದ್ದರೆ ಕಾಫಿಯಾದ ಕೂಡಲೇ ಪಡಸಾಲೆಯಲ್ಲಿ ಇಪ್ಪತ್ತು ನಿಮಿಷ ನಡೆಯುತ್ತೇನೆ’ ಎಂಬ ಕರಾರು ಹೆಚ್ಚು ಕೆಲಸ ಮಾಡುತ್ತದೆ. ಆ ಹೊತ್ತಿಗೆ ಮತ್ತೆ ಯೋಚಿಸಬೇಕಾಗಿಲ್ಲ, ಕಾಫಿ ಲೋಟವೇ ನೆನಪಿಸುತ್ತದೆ.

ಋತುವಿನೊಂದಿಗೆ ಬದುಕು ಬದಲಿಸುವ ನಮ್ಮ ರೂಢಿಗಳಲ್ಲಿ ಚಾತುರ್ಮಾಸ್ಯ ವ್ರತದ ರಚನೆ ನನಗೆ ತುಂಬ ಮುಖ್ಯವಾಗಿ ಕಾಣುತ್ತದೆ. ಮಾಧ್ವ ಮನೆಗಳಲ್ಲಿ ಆಷಾಢದಿಂದ ಕಾರ್ತಿಕದವರೆಗೆ ನಾಲ್ಕು ತಿಂಗಳು ಅಡುಗೆಯ ನಿಯಮ ಬೇರೆಯೇ. ಮೊದಲು ತರಕಾರಿ ಬಿಡುವ ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ನಂತರ ಹಾಲು ಬಿಡುವ ಕ್ಷೀರವ್ರತ, ಕೊನೆಗೆ ಬೇಳೆಕಾಳು ಬಿಡುವ ದ್ವಿದಳವ್ರತ. ಇದರ ಧಾರ್ಮಿಕ ಅರ್ಥ ಆಚರಿಸುವವರಿಗೆ ಸೇರಿದ್ದು. ಅಭ್ಯಾಸದ ವಿಜ್ಞಾನದ ಕಣ್ಣಿನಿಂದ ನೋಡಿದರೆ ಅಚ್ಚರಿಯಾಗುತ್ತದೆ. ಶುರುವಾಗುವ ದಿನ, ಮುಗಿಯುವ ದಿನ ಎರಡೂ ನಿಗದಿ. ಒಮ್ಮೆಗೆ ಒಂದೇ ಬಗೆಯದನ್ನು ಬಿಡಬೇಕು. ‘ಸ್ವಲ್ಪ ಕಡಿಮೆ ಮಾಡು’ ಎಂಬ ಅಸ್ಪಷ್ಟತೆಗೆ ಎಡೆಯಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಬಿಡುವುದು ಒಬ್ಬರಲ್ಲ, ಇಡೀ ಅಡುಗೆಮನೆ. ಮನೆಯಲ್ಲೇ ಮೊಸರಿಲ್ಲದಿದ್ದರೆ ಕೈ ಎಲ್ಲಿಗೆ ಹೋದೀತು?

ಆಯುರ್ವೇದದ ದಾರಿ ಇದಕ್ಕಿಂತ ಮೆಲುವಾದದ್ದು. ವಾಗ್ಭಟನ ‘ಅಷ್ಟಾಂಗಹೃದಯ’ ಒಂದು ಋತುವಿನ ಕೊನೆಯ ಏಳು ದಿನ, ಮುಂದಿನದರ ಮೊದಲ ಏಳು ದಿನ ಸೇರಿಸಿ ಋತುಸಂಧಿ ಎನ್ನುತ್ತದೆ. ಹಳೆಯ ಋತುವಿನ ಕ್ರಮವನ್ನು ಆ ಹದಿನಾಲ್ಕು ದಿನಗಳಲ್ಲಿ ಮೆಲ್ಲಗೆ ಬಿಡುತ್ತ, ಹೊಸದನ್ನು ಮೆಲ್ಲಗೆ ಹಿಡಿಯಬೇಕು ಎಂಬುದು ಅದರ ಸೂಚನೆ. ಒಂದು ಮಳೆನಕ್ಷತ್ರದ ಅವಧಿಗೆ ಇದು ಸರಿಸುಮಾರು ಸಮ. ನನ್ನ ಅಭಿಪ್ರಾಯ ಇಷ್ಟು: ಬಿಡುವುದಕ್ಕೆ ವ್ರತದ ಗೆರೆ ಒಳ್ಳೆಯದು, ಹಿಡಿಯುವುದಕ್ಕೆ ವಾಗ್ಭಟನ ಹದಿನಾಲ್ಕು ದಿನ ಒಳ್ಳೆಯದು.

ಎಲ್ಲವನ್ನೂ ಒಮ್ಮೆಗೇ ತೊಳೆದು ಹೊಸದಾಗಿ ಶುರುಮಾಡುವ ಆಸೆ ಇರುವವರಿಗೆ ಡಾಯ್ 2018ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನವನ್ನು ಹೇಳಲೇಬೇಕು. ಅಮೆರಿಕದ ಬೇಸ್‌ಬಾಲ್‌ನಲ್ಲಿ ಋತುವಿನ ನಡುವೆ ಬೇರೆ ಲೀಗಿಗೆ ಹೋದ ಆಟಗಾರನ ಅಂಕಿಅಂಶ ಸೊನ್ನೆಯಿಂದ ಶುರುವಾಗುತ್ತದೆ. ಅದೇ ಲೀಗಿನೊಳಗೆ ತಂಡ ಬದಲಿಸಿದವನದು ಮುಂದುವರಿಯುತ್ತದೆ. ಸೊನ್ನೆಯಿಂದ ಶುರುಮಾಡಿದವರಲ್ಲಿ, ಅದುವರೆಗೆ ಚೆನ್ನಾಗಿ ಆಡದವರ ಬ್ಯಾಟಿಂಗ್ ಸುಧಾರಿಸಿತು. ಚೆನ್ನಾಗಿ ಆಡುತ್ತಿದ್ದವರದು ಕುಸಿಯಿತು. ನಡೆಯುತ್ತಿರುವುದಕ್ಕೆ ಹೊಸ ಆರಂಭ ಕೊಡಲಿಯಾಗಬಲ್ಲದು. ರಾತ್ರಿ ಮಲಗುವ ಮುನ್ನ ಹತ್ತು ಪುಟ ಓದುವ ರೂಢಿ ಇದ್ದರೆ ಅದನ್ನು ಮಳೆಗಾಲದ ಹೊಸ ವೇಳಾಪಟ್ಟಿಗೆ ಎಳೆಯದೆ ಇದ್ದಲ್ಲೇ ಬಿಡುವುದು ಕ್ಷೇಮ.

ಇನ್ನು ಎಷ್ಟು ದಿನ ಎಂಬ ಪ್ರಶ್ನೆ. 21 ದಿನದಲ್ಲಿ ಅಭ್ಯಾಸವಾಗುತ್ತದೆ ಎಂಬ ಜನಜನಿತ ಮಾತು, ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರ ತನ್ನ ಪುಸ್ತಕದಲ್ಲಿ ರೋಗಿಗಳನ್ನು ಕಂಡು ಬರೆದದ್ದರಿಂದ ಹರಡಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲಾಲಿ ಮತ್ತು ಸಂಗಡಿಗರು 96 ಜನರನ್ನು ಹನ್ನೆರಡು ವಾರ ಹಿಂಬಾಲಿಸಿ, 2010ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಕೆಲಸ ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ಮಧ್ಯಮಾಂಕ 66 ದಿನ, ವ್ಯಾಪ್ತಿ 18ರಿಂದ 254 ದಿನ (ಹನ್ನೆರಡು ವಾರ ಮೀರಿದ್ದು ಲೆಕ್ಕಾಚಾರದ ಅಂದಾಜು). ಊಟದ ಜೊತೆ ಹಣ್ಣು ತಿನ್ನುವಂಥದ್ದು ಬೇಗ ಕೂಡಿತು, ವ್ಯಾಯಾಮ ತಡವಾಗಿ. ನಮ್ಮ ಲೆಕ್ಕಕ್ಕೆ ತಂದರೆ, ಮೃಗಶಿರೆಯ ಮೊದಲಲ್ಲಿ ಹಿಡಿದದ್ದು ಬೇರೂರುವಾಗ ಆಶ್ಲೇಷಾ ಮಳೆ ಮುಗಿಯುತ್ತ ಬಂದಿರುತ್ತದೆ. ಅಷ್ಟರಲ್ಲಿ ಜ್ವರ ಬರುತ್ತದೆ, ನೆಂಟರು ಬರುತ್ತಾರೆ, ಕರೆಂಟು ಹೋಗುತ್ತದೆ, ಹೊರಗೆ ಕಾಲಿಡಲಾಗದ ಮಳೆ ಸುರಿಯುತ್ತದೆ. ಲಾಲಿ ಅವರ ಅಂಕಿಗಳು ಇಲ್ಲಿ ದೊಡ್ಡ ಸಮಾಧಾನ ಕೊಡುತ್ತವೆ: ಒಂದು ದಿನ ತಪ್ಪಿದ್ದರಿಂದ ಅಭ್ಯಾಸದ ಬೆಳವಣಿಗೆಗೆ ಗಮನಾರ್ಹ ಹಾನಿ ಕಾಣಲಿಲ್ಲ. ತಪ್ಪಿದ ದಿನಕ್ಕೆ ಪ್ರಾಯಶ್ಚಿತ್ತವಾಗಿ ಮರುದಿನ ಎರಡು ಪಟ್ಟು ನಡೆಯಬೇಕಾಗಿಲ್ಲ, ಅದೇ ಹೊತ್ತಿಗೆ, ಅದೇ ಕಾಫಿಯ ನಂತರ, ಅದೇ ಇಪ್ಪತ್ತು ನಿಮಿಷ ನಡೆದರೆ ಸಾಕು.