ಅಟ್ಟದ ಮೇಲಿನ ರೇಡಿಯೊ ಮತ್ತೆ ಹೊಳೆಯಲಿ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹಳೆಯ ಮನೆಗಳ ಅಟ್ಟ ತಡಕಿದರೆ ಅಜ್ಜನ ಕಾಲದ ವಾಲ್ವ್ ರೇಡಿಯೊ ಸಿಕ್ಕರೂ ಸಿಕ್ಕೀತು. ಗುಜರಿಗೆ ಹಾಕುವ ಮುನ್ನ ಒಂದಿಷ್ಟು ಯೋಚಿಸಿ. ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲೇ 'ಆಕಾಶವಾಣಿ' ಬಾನುಲಿ ಕೇಂದ್ರ ಆರಂಭಿಸಿದ್ದು ಇದೇ ಮೈಸೂರಿನಲ್ಲಿ. ಆ ಪರಂಪರೆಯ ಒಂದು ತುಣುಕು ನಿಮ್ಮ ಮನೆಯಲ್ಲೂ ಇರಬಹುದು.

ರಜೆಯಲ್ಲಿ ಮಕ್ಕಳು ಹಿರಿಯರ ಜೊತೆ ಕುಳಿತು ಇದರ ಹೊರಮೈಯನ್ನು ಶುಚಿಗೊಳಿಸಬಹುದು. ಆದರೆ ಮೊದಲ ಪಾಠ ಎಚ್ಚರಿಕೆಯದು. ಪ್ಲಗ್ಗನ್ನು ಕಿತ್ತಿಡಿ, ಕೆಲಸ ಮುಗಿದ ಮೇಲೂ ಕುತೂಹಲಕ್ಕೆಂದು ಸಿಕ್ಕಿಸಬೇಡಿ. ಹಿಂಬದಿಯ ಹಲಗೆಯನ್ನು ಬಿಚ್ಚಬೇಡಿ. ಒಳಗಿನ ಕೆಪಾಸಿಟರುಗಳಲ್ಲಿ ಕರೆಂಟು ತೆಗೆದ ಮೇಲೂ ವಿದ್ಯುತ್ತು ಉಳಿದಿರಬಹುದು. ಕೆಲವು ಹಳೆಯ ಸೆಟ್ಟುಗಳಲ್ಲಿ ಲೋಹದ ಚೌಕಟ್ಟಿಗೇ ಮನೆಯ ವಿದ್ಯುತ್ತು ನೇರವಾಗಿ ತಾಗಿರುತ್ತದೆ. ಒಳಗಿನ ಕೆಲಸ ಅನುಭವಿ ಮೆಕ್ಯಾನಿಕ್‌ಗೇ ಇರಲಿ.

ಮೊದಲು ಮೃದುವಾದ ಬ್ರಶ್‌ನಿಂದ ಧೂಳು ಕೊಡವಿ. ಒಲೆಯ ಹೊಗೆ, ಸುಗ್ಗಿಯ ಧೂಳು ಮೆತ್ತಿ ಜಿಡ್ಡಾಗಿದ್ದರೆ, ಉಗುರುಬೆಚ್ಚಗಿನ ನೀರಿಗೆ ಒಂದೆರಡು ತೊಟ್ಟು ಮೆದು ಸೋಪು ಬೆರೆಸಿ, ಬಟ್ಟೆಯನ್ನು ಅದ್ದಿ ಗಟ್ಟಿಯಾಗಿ ಹಿಂಡಿ ಒರೆಸಿ. ನೀರು ಸುರಿಯಲೇಬೇಡಿ. ಮರದ ಪೆಟ್ಟಿಗೆಯ ಮೇಲ್ಮೈ ಬಹುಪಾಲು ತೆಳುವಾದ ವೆನೀರ್ ಹಾಳೆ. ಹಳೆಯ ಅಂಟು ತೇವಕ್ಕೆ ಸಡಿಲವಾಗಿ ಹಾಳೆ ಏಳುತ್ತದೆ. ಸ್ಪಿರಿಟ್, ತಿನ್ನರ್ ಬೇಡ. ಅರಗಿನ ಪಾಲಿಶ್ ಸ್ಪಿರಿಟ್ಟಿಗೆ ಕರಗಿಹೋಗುತ್ತದೆ. ಯಾವುದೇ ದ್ರಾವಣವಾದರೂ ಮೊದಲು ಪೆಟ್ಟಿಗೆಯ ತಳದಲ್ಲಿ, ಯಾರ ಕಣ್ಣಿಗೂ ಬೀಳದ ಕಡೆ ಪರೀಕ್ಷಿಸಿ ನೋಡಿ.

ಸ್ಟೇಶನ್‌ಗಳ ಹೆಸರಿರುವ ಗಾಜಿನ ವಿಷಯದಲ್ಲಿ ಇನ್ನಷ್ಟು ಜೋಪಾನ. ಅಕ್ಷರಗಳನ್ನು ಸಾಮಾನ್ಯವಾಗಿ ಗಾಜಿನ ಹಿಂಬದಿಗೆ ಅಚ್ಚು ಹಾಕಿರುತ್ತಾರೆ. ಅಲ್ಲಿ ಒಂದು ಸಲ ಒದ್ದೆ ಬಟ್ಟೆ ಆಡಿಸಿದರೂ ಊರುಗಳ ಹೆಸರೇ ಅಳಿಸಿಹೋದೀತು. ಹೊರಬದಿ ಮಾತ್ರ ಒರೆಸಿ. ಸ್ಪೀಕರಿನ ಬಟ್ಟೆಗೆ ಒಣ ಬ್ರಶ್ ಸಾಕು. ಒತ್ತಿದರೆ ಹಿಂದಿನ ಕಾಗದದ ಕೋನ್ ಹರಿದೀತು. ಬೇಕಲೈಟ್ ಪೆಟ್ಟಿಗೆಯನ್ನು ಮರಳು ಕಾಗದದಿಂದ ತಿಕ್ಕಿದರೆ ಹೊಳೆಯುವ ಮೇಲ್ಪದರ ಹೋಗುತ್ತದೆ, ಅದರ ಪುಡಿ ಶ್ವಾಸಕ್ಕೂ ಒಳ್ಳೆಯದಲ್ಲ.

ಮಳೆಗಾಲದ ತೇವಕ್ಕೆ, ಅದರಲ್ಲೂ ಕೋಟೆಯ ಕಾಡಂಚಿನ ಊರುಗಳಲ್ಲಿ, ಬೂಷ್ಟು ಹಿಡಿದಿದ್ದರೆ ಮೂಗಿಗೆ ಬಟ್ಟೆ ಕಟ್ಟಿ ಹೊರಗಡೆ ಕೊಡವಿ, ಗಾಳಿಯಾಡುವ ನೆರಳಲ್ಲಿ ಒಣಗಿಸಿ. ಸುಡುಬಿಸಿಲಿಗಿಟ್ಟರೆ ಮರ ಬಿರುಕು ಬಿಡುತ್ತದೆ. ಪೂರ್ತಿ ಒಣಗಿದ ಮೇಲೆ ತೆಳುವಾಗಿ ಮೇಣದ ಪಾಲಿಶ್ ಸವರಿ.

ಹೊರದೇಶಗಳಲ್ಲಿ ವಾಲ್ವ್ ಕಾಲದ ಗಿಟಾರ್ ಆಂಪ್ಲಿಫೈಯರುಗಳನ್ನು ಕೂಡಿಡುವವರು ಮೂಲ ಹೊದಿಕೆಯ ಗೀರುಗಳನ್ನೂ ಹಾಗೆಯೇ ಉಳಿಸಿಕೊಳ್ಳಲು ಇಷ್ಟಪಡುತ್ತಾರೆ. ಹೊಸ ಬಣ್ಣ ಬಳಿದರೆ ವಸ್ತುವಿನ ಬೆಲೆಯೂ ಕುಗ್ಗುತ್ತದೆ, ಕಥೆಯೂ ಅಳಿಯುತ್ತದೆ. ನಮ್ಮ ರೇಡಿಯೊಗೂ ಈ ಮಾತು ಒಪ್ಪುತ್ತದೆ. ಗುಂಡಿಯ ಸುತ್ತ ಸವೆದ ಜಾಗ ಅಜ್ಜನ ಬೆರಳಿನ ಗುರುತು. ಕೊಳೆ ಹೋಗಲಿ, ಆ ಗುರುತು ಇರಲಿ. ಅದನ್ನು ಒರೆಸುತ್ತಾ ಕುಳಿತಾಗ, ಅಂದು ಯಾರು ಯಾವ ಕಾರ್ಯಕ್ರಮ ಕೇಳುತ್ತಿದ್ದರೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ.